ಎದೆಯ ಸೋಂಕಿನ ನಂತರ ಮಕ್ಕಳಲ್ಲಿ ವಪೆಯ ಪಾರ್ಶ್ವವಾಯು: ಸಾಲಿಗ್ರಾಮ ಭಾಗದ ದಾಖಲೆಗಳನ್ನು ಓದುವ ಕ್ರಮದ ಬಗ್ಗೆ ಟಿಪ್ಪಣಿ

1. ವ್ಯಾಪ್ತಿ

ನ್ಯುಮೋನಿಯಾ ಬಂದ ಅಥವಾ ಎದೆಯಲ್ಲಿ ಕೀವು ಕಟ್ಟಿದ (ಎಂಪೈಮಾ) ಮಗುವಿನಲ್ಲಿ ವಪೆಯ ಒಂದು ಬದಿ ಚಲನೆ ಕಳೆದುಕೊಳ್ಳುವುದು ವಿರಳ. ಫ್ರೆನಿಕ್ ನರ ಕುತ್ತಿಗೆಯ 3, 4, 5ನೇ ನರಮೂಲಗಳಿಂದ ಹೊರಟು, ಹೃದಯದ ಮತ್ತು ಶ್ವಾಸಕೋಶದ ಹೊರಪೊರೆಗಳ ನಡುವೆ ವಪೆಗೆ ಇಳಿಯುತ್ತದೆ. ಪಕ್ಕದ ಉರಿಯೂತವಾಗಲಿ, ಕ್ಷಯದಿಂದ ಊದಿದ ದುಗ್ಧಗ್ರಂಥಿಯಾಗಲಿ ಅದಕ್ಕೆ ಧಕ್ಕೆ ತರಬಲ್ಲದು. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕಾರಣಗಳು ಹೃದಯದ ಶಸ್ತ್ರಚಿಕಿತ್ಸೆ ಮತ್ತು ಹೆರಿಗೆ ವೇಳೆಯ ಪೆಟ್ಟು. ಇವೆರಡೂ ಅಲ್ಲವೆಂದು ಖಚಿತವಾಗುವವರೆಗೆ ಸೋಂಕನ್ನು ಕಾರಣವೆಂದು ಬರೆಯುವುದು ಅವಸರದ ನಿರ್ಣಯವಾದೀತು.

2. ಎತ್ತರ ಬೇರೆ, ಚಲನೆ ಬೇರೆ

ಎಕ್ಸ್-ರೇಯಲ್ಲಿ ವಪೆ ಮೇಲೇರಿ ಕಂಡಮಾತ್ರಕ್ಕೆ ಪಾರ್ಶ್ವವಾಯು ಎನ್ನಲಾಗದು. ಬಲಬದಿ ಸಹಜವಾಗಿಯೇ ತುಸು ಮೇಲಿರುತ್ತದೆ. ಶ್ವಾಸಕೋಶದ ಕೆಳಭಾಗ ಕುಗ್ಗಿದರೂ, ಅದರಡಿ ನೀರು ನಿಂತರೂ, ವಪೆಯ ಸ್ನಾಯು ಹುಟ್ಟಿನಿಂದಲೇ ತೆಳುವಾಗಿದ್ದರೂ ಚಿತ್ರ ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ.

ಅಲ್ಟ್ರಾಸೌಂಡ್ ಇಲ್ಲಿ ಹೆಚ್ಚು ವಿಶ್ವಾಸಾರ್ಹ. ಉಸಿರೆಳೆದಾಗ ಕೆಳಗಿಳಿಯಬೇಕಾದ ಬಿಳಿಗೆರೆ ಕದಲದಿರಬಹುದು, ಅಥವಾ ತಿರುಗುಮುರುಗಾಗಿ ಮೇಲೇರಬಹುದು. ಕೂಸಿನಲ್ಲಾದರೆ ಎದೆ ಉಬ್ಬುವಾಗ ಹೊಟ್ಟೆ ಒಳಸೇರುವುದು ಬರಿಗಣ್ಣಿಗೂ ಕಂಡೀತು. ಪಕ್ಕೆಲುಬುಗಳು ಅಡ್ಡಡ್ಡವಾಗಿದ್ದು ಎದೆಗೂಡು ಮೆದುವಾಗಿರುವ ಕಾರಣ, ಶಿಶುವಿನ ಉಸಿರಾಟ ಬಹುಪಾಲು ವಪೆಯನ್ನೇ ಅವಲಂಬಿಸಿದೆ. ವೆಂಟಿಲೇಟರ್ ಒತ್ತಡದಿಂದ ಗಾಳಿ ತುಂಬುತ್ತಿರುವಾಗ ಈ ವಿರುದ್ಧ ಚಲನೆ ಮರೆಯಾಗಬಹುದು. ಆದ್ದರಿಂದ ಪರೀಕ್ಷೆಯ ವೇಳೆ ಮಗು ತಾನಾಗಿ ಉಸಿರಾಡುತ್ತಿತ್ತೇ ಎಂಬುದು ದಾಖಲೆಯಲ್ಲಿರಬೇಕು. ಅದಿಲ್ಲದ 'ಸಹಜ' ವರದಿಗೆ ಪೂರ್ಣ ತೂಕ ಕೊಡುವಂತಿಲ್ಲ.

3. ಕಾಲಕ್ರಮ

ಗಂಟಲಮಾರಿಯಲ್ಲಿ (ಡಿಫ್ತೀರಿಯಾ) ನರಕ್ಕೆ ಹಾನಿ ಮಾಡುವುದು ರೋಗಾಣುವಿನ ವಿಷ. ಸಾಮಾನ್ಯವಾಗಿ ಅಂಗುಳು ಮೊದಲು ಸೋಲುತ್ತದೆ. ವಪೆ ಸೋಲುವುದಿದ್ದರೆ ಹಲವು ವಾರಗಳ ಬಳಿಕ. ಹೀಗಾಗಿ ಜ್ವರ ಬಂದ ದಿನಾಂಕ, ಉಸಿರಾಟ ಕೆಟ್ಟ ದಿನಾಂಕ, ಲಸಿಕೆಯ ವಿವರ ಮೂರೂ ಬೇಕು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಈ ಸಾಧ್ಯತೆಯನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

4. ದಾಖಲೆಗಳೊಳಗಿನ ವ್ಯತ್ಯಾಸ

ಐಸಿಡಿ-10ರ ಜೆ98.6 ಸಂಕೇತದಡಿ ವಪೆಯ ಪಾರ್ಶ್ವವಾಯುವೂ ಸಡಿಲಿಕೆಯೂ ಒಟ್ಟಿಗಿವೆ. ಹುಟ್ಟಿನಿಂದ ಬಂದ ಉಬ್ಬು ಕ್ಯೂ79.1ರಲ್ಲಿ ಪ್ರತ್ಯೇಕ. ಸಂಕೇತವನ್ನಷ್ಟೇ ನಂಬಿ ಎಣಿಸಿದರೆ ಸಂಖ್ಯೆ ಹಿಗ್ಗುವ ಸಂಭವವಿದೆ.

ಊರಿನ ಹೆಸರಿಗೂ ಇದೇ ಎಚ್ಚರ ಬೇಕು. ಸಾಲಿಗ್ರಾಮ 1997ರ ಆಗಸ್ಟ್‌ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲ್ಲೂಕಿನಲ್ಲಿತ್ತು. ಬಳಿಕ ಉಡುಪಿ ಜಿಲ್ಲೆಗೆ, ಮುಂದೆ ಹೊಸ ಬ್ರಹ್ಮಾವರ ತಾಲ್ಲೂಕಿಗೆ ಸೇರಿತು. ಕುಂದಾಪುರದಲ್ಲಿ ಮೊದಲು ದಾಖಲಾಗಿ, ಅಲ್ಲಿಂದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿಗೆ (ಸ್ಥಾಪನೆ 1953) ಹೋದ ಮಗು ಎರಡು ಕಡತಗಳಲ್ಲಿ ಎರಡು ವಿಳಾಸಗಳೊಂದಿಗೆ ಸಿಗುವ ಸಾಧ್ಯತೆ ಇದೆ. ವಿಳಾಸದ ಬದಲು ಜನ್ಮದಿನಾಂಕ, ಬಾಧಿತ ಬದಿ ಮತ್ತು ಮೊದಲ ಸ್ಕ್ಯಾನಿನ ದಿನಾಂಕ, ಈ ಮೂರನ್ನು ಹೋಲಿಸಿ ಪ್ರಕರಣವನ್ನು ಒಂದೆಂದು ಪರಿಗಣಿಸುವುದು ಸೂಕ್ತ.