ಊರೂ ಕೇರಿಯೂ: ಹಾವೇರಿ ಸೀಮೆಯ ಪಟ್ಟಣಗಳ ಒಂದು ಹಳೆಯ ಗೆರೆ

ಕೇರಿಯೆಂದರೆ ಮೂಲತಃ ಮನೆಗಳ ಸಾಲು, ಬೀದಿ, ಅಷ್ಟೆ. ಹಳಗನ್ನಡದ ಕಾವ್ಯಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಒಂದೊಂದು ವೃತ್ತಿಯವರಿಗೆ ಒಂದೊಂದು ಕೇರಿಯುಂಟು. ಆ ಶಬ್ದದಲ್ಲಿ ಯಾವ ಹೀನಾರ್ಥವೂ ಇರಲಿಲ್ಲ. ಹಾವೇರಿಯೆಂಬ ಹೆಸರನ್ನೇ ಹಾವು-ಕೇರಿಯೆಂದು ಬಿಡಿಸಿ ಹೇಳುವ ರೂಢಿಯಿದೆ. ಅದು ನಿಜವಾದರೆ ಜಿಲ್ಲೆಯ ಮುಖ್ಯ ಪಟ್ಟಣವೇ ಒಂದು ಕೇರಿಯಾಯಿತು! ಆದರೆ ಕಾಲಾಂತರದಲ್ಲಿ ಈ ಶಬ್ದವು ಊರೆಂಬ ಶಬ್ದಕ್ಕೆ ಎದುರಾಗಿ ನಿಂತಿತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಓಣಿ, ಗಲ್ಲಿ, ಪೇಟೆ, ಪ್ಲಾಟುಗಳಲ್ಲಿ ವಾಸಿಸುವವರು ಊರವರು. 'ಕೇರಿಯವರು' ಎಂದರೆ ಯಾರೆಂದು ಯಾರೂ ವಿವರಿಸಬೇಕಾಗಿಲ್ಲ. ಅರ್ಥದ ಈ ಸಂಕೋಚವು ವ್ಯಾಕರಣದ ವಿಷಯವಲ್ಲ, ಇತಿಹಾಸದ್ದು.

ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶ ಪ್ರಕರಣದಲ್ಲಿ ಯಾವ ವರ್ಣದವರು ಪಟ್ಟಣದ ಯಾವ ದಿಕ್ಕಿನಲ್ಲಿ ಇರತಕ್ಕದ್ದೆಂಬ ವಿಧಿಯಿದೆ. ಚಂಡಾಲರಿಗೆ ಅಲ್ಲಿ ದೊರೆಯುವ ಸ್ಥಳ ಸ್ಮಶಾನದ ಅಂಚು. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಅವರ ವಾಸವನ್ನು ಗ್ರಾಮದ ಹೊರಗೆಂದೇ ವಿಧಿಸುತ್ತದೆ. ಗ್ರಂಥದಲ್ಲಿ ಬರೆದುದೆಲ್ಲ ಆಚರಣೆಯಲ್ಲಿತ್ತೆಂದು ತಿಳಿಯುವದು ಪಂಡಿತರ ಸಾಮಾನ್ಯ ಭ್ರಮೆ. ಆದರೆ ಈ ಒಂದು ವಿಧಿಯ ಮಟ್ಟಿಗೆ ಗ್ರಂಥಕ್ಕೂ ನೆಲಕ್ಕೂ ಭೇದ ಕಡಿಮೆ. ಚಾಲುಕ್ಯರ ಕಾಲದಲ್ಲಿ ಹಾವೇರಿಯು ಮಹಾಜನರ ಅಗ್ರಹಾರವಾಗಿತ್ತು. ಸಿದ್ಧೇಶ್ವರ ದೇವಾಲಯವು ಆ ವೈಭವಕ್ಕೆ ಇಂದಿಗೂ ಸಾಕ್ಷಿ. ಶಾಸನವು ಕೊಟ್ಟವನನ್ನೂ ಪಡೆದವರನ್ನೂ ಹೆಸರಿಸುವದು. ದತ್ತಿಯ ಹೊಲವನ್ನು ಉತ್ತವನ ಗುಡಿಸಲು ಎಲ್ಲಿತ್ತೆಂಬುದು ಅದರ ವಿಷಯವಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ಕುಲದ ನೆಲೆಯನ್ನೇ ಪ್ರಶ್ನಿಸಿದರು. ಆ ಪ್ರಶ್ನೆ ಕೀರ್ತನೆಯಾಗಿ ಮನೆಮನೆಯಲ್ಲಿ ಉಳಿಯಿತು. ಮನೆಗಳ ಸಾಲು ಮಾತ್ರ ಇದ್ದಲ್ಲಿಯೇ ಇದ್ದಿತು.

ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ವೆಲ್ಲೆಸ್ಲಿಯ ಸೈನ್ಯವು ೧೮೦೦ರಲ್ಲಿ ರಾಣೇಬೆನ್ನೂರಿನ ಕೋಟೆಯನ್ನು ಹಿಡಿಯಿತು. ಪೇಶವೆಯರ ಪತನದ ನಂತರ ಈ ಸೀಮೆಯೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತು. ಗೋಡೆ ಬೀಳುವದು ಸುಲಭ, ಗೆರೆ ಅಳಿಯುವದು ಕಠಿಣವೆಂಬುದು ಆ ಜಿಲ್ಲೆಯಲ್ಲಿಯೇ ಬೇಗ ತಿಳಿದುಬಂದಿತು. ೧೮೫೬ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಬಾಲಕನು ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶವಿಲ್ಲವೆಂದು ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಶುಲ್ಕ ಕೊಡಲು ಸಿದ್ಧನಿದ್ದ ಹುಡುಗನ ಪಕ್ಷದಲ್ಲಿ ನ್ಯಾಯವಿದೆಯೆಂದು ಮುಂಬಯಿ ಸರಕಾರವೂ ಒಪ್ಪಿತು. ಒಪ್ಪಿಯೂ, ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲರೂ ಶಾಲೆ ಬಿಡುವರೆಂದು ಅವನನ್ನು ಹೊರಗೇ ನಿಲ್ಲಿಸಿತು. ವಿಷಯವು ಕಲಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ. ಕೊನೆಗೆ ೧೮೫೮ರಲ್ಲಿ, ಕೇವಲ ಸರಕಾರದ ಖರ್ಚಿನಿಂದ ನಡೆಯುವ ಶಾಲೆಗಳು ಸರ್ವರಿಗೂ ತೆರೆದಿರತಕ್ಕದ್ದೆಂಬ ನಿಯಮ ಹೊರಟಿತು. ಎರಡು ಖಂಡಗಳನ್ನು ಸುತ್ತಿ ಬಂದ ಆ ನಿಯಮದ ಫಲವಾದರೂ ಏನು? ಮುಂದೆ ಬಹುಕಾಲ ಮುಂಬಯಿ ಇಲಾಖೆಯ ಅನೇಕ ಶಾಲೆಗಳಲ್ಲಿ ಆ ಮಕ್ಕಳು ಜಗುಲಿಯ ಮೇಲೆ ಕುಳಿತೇ ಅಕ್ಷರ ಕಲಿತರು. ಊರಿಗೂ ಕೇರಿಗೂ ನಡುವಿನ ಹಾದಿ ಶಾಲೆಯ ಹೊಸ್ತಿಲವರೆಗೆ ಬಂದು ನಿಂತಿತು.

೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ಹಳಿಗಳು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗಿದಾಗ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ದಾರದ ಮಣಿಗಳಾದವು. ಅರಳೆಯೂ ಮೆಣಸಿನಕಾಯಿಯೂ ದೂರದ ಪೇಟೆಗಳಿಗೆ ಹೋಗತೊಡಗಿದವು. ಅಲ್ಲಿಂದ ಗೆರೆಗೆ ಎರಡನೆಯ ಕಾರಣವೊಂದು ಹುಟ್ಟಿತು: ಹಣ. ಪೇಟೆಯ ಮಾಳಿಗೆಗಳು ಎದ್ದವು. ಹಮಾಲರೂ ಕೂಲಿಯ ಹೆಂಗಸರೂ ತಮ್ಮ ತಮ್ಮ ಅಂಚಿನ ಓಣಿಗಳಿಂದ ಬಂದು ದುಡಿದು ಹಿಂದಿರುಗಿದರು. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಊರಿನ ಹೆಸರು ಲೋಕವಿಖ್ಯಾತವಾಯಿತು. ಘಾಟಿನ ನಡುವೆ ದಿನವೆಲ್ಲ ಕುಳಿತು ಆ ಕಾಯಿಯ ತೊಟ್ಟು ಬಿಡಿಸುವ ಕೈಗಳಿಗೆ ಅಂಥ ಗುರುತಿಲ್ಲ.

ನೀರಿನ ಕಥೆ ಇನ್ನೂ ಬೋಧಪ್ರದವಾದುದು. ೧೯೨೩ರಲ್ಲಿ ರಾವಬಹಾದ್ದೂರ ಬೋಲೆಯವರ ಸೂಚನೆಯಂತೆ ಮುಂಬಯಿ ಶಾಸನಸಭೆಯು ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿವೆಯೆಂದು ಠರಾವು ಮಾಡಿತು. ಪಾಲಿಸುವವರು ವಿರಳವಾದ್ದರಿಂದ ೧೯೨೬ರಲ್ಲಿ, ಪಾಲಿಸದ ಸ್ಥಾನಿಕ ಸಂಸ್ಥೆಗಳಿಗೆ ಧನಸಹಾಯ ನಿಲ್ಲಿಸಬೇಕೆಂದು ಮತ್ತೊಂದು ಠರಾವು ಬೇಕಾಯಿತು. ೧೯೩೪ರಲ್ಲಿ ಗಾಂಧೀಜಿಯವರ ಹರಿಜನ ಯಾತ್ರೆ ಈ ಭಾಗದಲ್ಲಿಯೂ ಹಾದುಹೋಯಿತು. ೧೯೪೬ರಲ್ಲಿ ಸಾಮಾಜಿಕ ಅನರ್ಹತೆಗಳ ನಿವಾರಣೆಯ ಕಾಯಿದೆ, ೧೯೪೭ರಲ್ಲಿ ದೇವಾಲಯ ಪ್ರವೇಶದ ಕಾಯಿದೆ, ೧೯೫೦ರಲ್ಲಿ ಸಂವಿಧಾನದ ಹದಿನೇಳನೆಯ ಅನುಚ್ಛೇದ, ೧೯೫೫ರಲ್ಲಿ ಅಸ್ಪೃಶ್ಯತೆಯನ್ನು ದಂಡನೀಯ ಅಪರಾಧವೆಂದ ಕಾಯಿದೆ: ಮೂವತ್ತೆರಡು ವರ್ಷಗಳಲ್ಲಿ ಬಾವಿಯ ಬಾಗಿಲು ಕಾಗದದ ಮೇಲೆ ಪೂರ್ಣವಾಗಿ ತೆರೆಯಿತು. ಅಷ್ಟರಲ್ಲಿ ಪಟ್ಟಣಗಳಿಗೆ ನಳ ಬರುವ ಕಾಲವಾಯಿತು. ಬಾವಿಯ ಬಳಿ ಬೇಡವೆನ್ನಲು ಒಬ್ಬ ಮನುಷ್ಯನು ಬೇಕು. ನಳಕ್ಕೆ ಅದು ಬೇಕಿಲ್ಲ. ಕೊಳವೆಯು ಯಾವ ಓಣಿಯಲ್ಲಿ ಮುಗಿಯುವದೋ ಅಲ್ಲಿಗೆ ಮುಗಿಯಿತು. ಅದನ್ನು ಯಾವ ಕಾಯಿದೆಯ ಅಡಿಯಲ್ಲಿ ಅಪರಾಧವೆಂದು ಹೇಳುವದು?

ದೇವರಾಜ ಅರಸರ ಕಾಲದ ಜನತಾ ಮನೆಗಳೂ ೧೯೯೦ರ ದಶಕದ ಆಶ್ರಯ ಯೋಜನೆಯೂ ಬಡವರಿಗೆ ಸೂರು ಕೊಟ್ಟವು; ಇದು ಸಣ್ಣ ಉಪಕಾರವಲ್ಲ. ಆದರೆ ಸರಕಾರವು ಅಗ್ಗದ ನೆಲವನ್ನೇ ಹುಡುಕುವದು ಸಹಜ, ಅಗ್ಗದ ನೆಲವಿರುವದು ಊರ ಹೊರಗೆ. ಧರ್ಮಶಾಸ್ತ್ರವು ಶೌಚದ ಹೆಸರಿನಲ್ಲಿ ತೋರಿಸಿದ ದಿಕ್ಕನ್ನೇ ಆಯವ್ಯಯವೂ ತೋರಿಸಿತು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಕಚೇರಿಗಳು ದೇವಗಿರಿಯ ಕಡೆಗೆ ಸರಿದು, ನಿವೇಶನಗಳ ಬೆಲೆ ಏರಿ, ಊರ ಹೊರಗೆಂಬುದು ಇನ್ನಷ್ಟು ದೂರವಾಯಿತು.

ಸಮತೆಯನ್ನೇ ಧ್ಯೇಯವಾಗಿಟ್ಟುಕೊಂಡ ಪೂರ್ವ ಯುರೋಪಿನ ಪಟ್ಟಣಗಳ ಗತಿಯನ್ನು ಇಲ್ಲಿ ನೆನೆಯಬಹುದು. ಹಂಗೇರಿಯಲ್ಲಿ ಮನೆಗಳನ್ನು ಸರಕಾರವೇ ಹಂಚುತ್ತಿದ್ದ ಕಾಲದಲ್ಲಿಯೂ ಒಳ್ಳೆಯ ಮನೆಗಳು ಹೆಚ್ಚಾಗಿ ಉಳ್ಳವರ ಪಾಲಾಗುತ್ತಿದ್ದವೆಂದು ಇವಾನ್ ಸೆಲೆನಿ ಎಂಬ ಸಮಾಜಶಾಸ್ತ್ರಜ್ಞನು ತೋರಿಸಿದನು. ೧೯೮೯ರ ನಂತರ ಆ ಮನೆಗಳು ಒಳಗಿದ್ದವರಿಗೇ ಮಾರಲ್ಪಟ್ಟವು. ಒಳ್ಳೆಯ ಬೀದಿಯಲ್ಲಿದ್ದವನಿಗೆ ಆಸ್ತಿ ಬಂದಿತು, ಕೆಟ್ಟ ಬೀದಿಯಲ್ಲಿದ್ದವನಿಗೆ ಸೋರುವ ಮಾಳಿಗೆ ಬಂದಿತು. ಅಲ್ಲಿ ಹಣವು ಹೊಸದಾಗಿ ಎಳೆದ ಗೆರೆ ಇಲ್ಲಿ ಜಾತಿಯು ಮೊದಲೇ ಎಳೆದಿಟ್ಟ ಗೆರೆಯ ಮೇಲೆಯೇ ಬಿದ್ದಿತೆಂಬುದಷ್ಟೇ ಭೇದ.

ಇವೆರಡು ಗೆರೆಗಳು ಹೇಗೆ ಕೂಡುವವೆಂಬುದನ್ನು ಇದೇ ಜಿಲ್ಲೆಯ ಸವಣೂರು ತೋರಿಸಿತು. ತಲೆಯ ಮೇಲೆ ಮಲ ಹೊತ್ತು ಊರನ್ನು ಶುಚಿಯಾಗಿಟ್ಟ ಭಂಗಿ ಕುಟುಂಬಗಳು ಅಲ್ಲಿ ಹಲವು ದಶಕಗಳಿಂದ ನೆಲಸಿದ್ದವು. ಅವರನ್ನು ಎಬ್ಬಿಸಿ ಆ ಸ್ಥಳದಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಿಸಲು ಪುರಸಭೆ ಮುಂದಾಯಿತು. ೨೦೧೦ನೆಯ ಇಸವಿಯ ಜುಲೈ ತಿಂಗಳಲ್ಲಿ ಅವರಲ್ಲಿ ಕೆಲವರು ಪುರಸಭೆಯ ಎದುರು ನಿಂತು, ತಾವು ಹೊರುತ್ತಿದ್ದ ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡರು. ದೇಶವೆಲ್ಲ ತಿರುಗಿ ನೋಡಿತು. ಮಲ ಹೊರಿಸುವದನ್ನು ನಿಷೇಧಿಸಿದ ಕಾಯಿದೆ ೧೯೯೩ರಷ್ಟು ಹಿಂದೆಯೇ ಆಗಿತ್ತೆಂಬುದು ಆಗ ಅನೇಕರಿಗೆ ನೆನಪಾಯಿತು. ೨೦೧೩ರಲ್ಲಿ ಬಂದ ಹೊಸ ಕಾಯಿದೆಯು ಅಂಥ ಕುಟುಂಬಗಳ ಪುನರ್ವಸತಿಯ ಬಾಬುಗಳಲ್ಲಿ ಮನೆಯ ನಿವೇಶನವನ್ನೂ ಸೇರಿಸಿತು. ಆ ನಿವೇಶನ ಊರಿನ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಮಾತ್ರ ಕಾಯಿದೆ ಹೇಳಿಲ್ಲ.