ಸೈನಸ್ ಶಸ್ತ್ರಚಿಕಿತ್ಸೆಯಲ್ಲಿ ಅಡ್ರಿನಲಿನ್

ಮೂಗಿನ ಅಕ್ಕಪಕ್ಕದ ಗಾಳಿಕುಳಿಗಳ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ತಗ್ಗಿಸಲು ಸ್ಥಳೀಯ ಅರಿವಳಿಕೆಯೊಂದಿಗೆ ಕೊಡುವ ಔಷಧ. ಇದು ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಅರಿವಳಿಕೆ ಬೇಗ ರಕ್ತಕ್ಕೆ ಸೇರದಂತೆಯೂ ತಡೆಯುತ್ತದೆ.

ಕಾರ್ಲ್ ಕೊಲ್ಲರ್ 1884ರಲ್ಲಿ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಅಡ್ರಿನಲಿನ್ ಬೇರ್ಪಡಿಸಿದ ಶ್ರೇಯಸ್ಸು ಯಾರದೆಂಬುದೇ ಗೋಜಲು. ಪಠ್ಯಪುಸ್ತಕಗಳು ಸಾಮಾನ್ಯವಾಗಿ 1901, ಜೋಕಿಚಿ ತಕಮಿನೆ ಎಂದಷ್ಟೇ ಹೇಳುತ್ತವೆ. ಹಿಂದಿನ ವರ್ಷವೇ ನ್ಯೂಯಾರ್ಕಿನ ಪ್ರಯೋಗಶಾಲೆಯಲ್ಲಿ ಅದರ ಹರಳು ತೆಗೆದ ಅವರ ಸಹಾಯಕ ಕೈಜೊ ಉಎನಾಕನ ಹೆಸರು ಅಲ್ಲಿ ವಿರಳ. ಜಾನ್ ಏಬೆಲ್ ಅದಕ್ಕೂ ಮೊದಲು ಪಡೆದದ್ದು ಶುದ್ಧ ವಸ್ತುವಲ್ಲ, ಅದರ ಬೆಂಜಾಯಿಲ್ ಸಂಯುಕ್ತ. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ತಿರುವು 1903ರದು. ಆಗ ಹೈನ್ರಿಖ್ ಬ್ರೌನ್ ಕೊಕೇನ್‌ಗೆ ಅಡ್ರಿನಲಿನ್ ಬೆರೆಸಿ, ರಕ್ತ ತಡೆಯಲು ಕೈಕಾಲಿಗೆ ಬಿಗಿಯುವ ಪಟ್ಟಿಯ ಕೆಲಸವನ್ನು ಔಷಧದಿಂದಲೇ ಮಾಡಿಸಬಹುದೆಂದು ತೋರಿಸಿದರು.

ಸ್ಥಳೀಯ ಅರಿವಳಿಕೆಯಾದ ಲಿಗ್ನೋಕೇನ್ 1948ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ಝೈಲೋಕೇನ್ ಎಂದು ಮಾರಿದ ಸ್ವೀಡನ್ನಿನ ಆಸ್ಟ್ರಾ ಕಂಪನಿಯ ಪಾಲುದಾರಿಕೆಯಲ್ಲಿ ಬೆಂಗಳೂರಿನ ಆಸ್ಟ್ರಾ-ಐಡಿಎಲ್ 1979ರಲ್ಲಿ ಸ್ಥಾಪನೆಯಾಯಿತು.  

1985ರ ಹೊತ್ತಿಗೆ ಮೆಸ್ಸರ್‌ಕ್ಲಿಂಗರ್, ಸ್ಟಾಮ್‌ಬರ್ಗರ್, ಕೆನಡಿ ಎಂಬ ವೈದ್ಯರಿಂದ ಸೈನಸ್ ಶಸ್ತ್ರಚಿಕಿತ್ಸೆಯಲ್ಲಿ ಎಂಡೋಸ್ಕೋಪಿನ ಪದ್ಧತಿ ಹರಡಿತು. ರಕ್ತದ ಮಾತು ಗಂಭೀರವಾದದ್ದು ಆಗಲೇ. ಎಂಡೋಸ್ಕೋಪಿನ ಮಸೂರಕ್ಕೆ ಒಂದು ಹನಿ ಮೆತ್ತಿದರೂ ದಾರಿ ಕಾಣದು. ಕಣ್ಣುಗುಡ್ಡೆಗೂ ಕುಳಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಹಾಗಾಗಿ ಔಷಧದಲ್ಲಿ ಅದ್ದಿದ ಹತ್ತಿಪಟ್ಟಿಯನ್ನು ಮೂಗಿನೊಳಗೆ ತುಂಬಿ, ಕೆಲ ನಿಮಿಷ ಬಿಟ್ಟು ತೆಗೆದು, ಬಳಿಕ ಸೂಜಿಯಿಂದ ಲೋಳೆಪೊರೆಗೆ ಚುಚ್ಚುವ ಕ್ರಮ ನೆಲೆಗೊಂಡಿತು.

ದಾಖಲೆಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಸಾಂದ್ರತೆಯ ವಿಷಯ. 1:1000 ದ್ರಾವಣದ ಒಂದು ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಅಡ್ರಿನಲಿನ್ ಇರುತ್ತದೆ, 1:200000ರಲ್ಲಿ 5 ಮೈಕ್ರೋಗ್ರಾಂ ಮಾತ್ರ. ಇನ್ನೂರು ಪಟ್ಟು ವ್ಯತ್ಯಾಸ! ಹತ್ತಿಪಟ್ಟಿಗೆಂದು ಇಟ್ಟ ಗಾಢ ದ್ರಾವಣವನ್ನು ತಪ್ಪಿ ಚುಚ್ಚಿ ಜೀವಹಾನಿಯಾದ ಪ್ರಕರಣಗಳಿವೆ. ಅಮೆರಿಕ 2016ರಲ್ಲಿ ಬರಿ ಅಡ್ರಿನಲಿನ್ ಆಂಪುಲ್‌ಗಳ ಲೇಬಲ್ಲಿನಿಂದ ಅನುಪಾತ ತೆಗೆದು ಮಿಲಿಗ್ರಾಂ ಲೆಕ್ಕವನ್ನು ಕಡ್ಡಾಯ ಮಾಡಿತು. ಅರಿವಳಿಕೆ ಬೆರೆತ ಸೀಸೆಗಳಿಗೆ ಈ ನಿಯಮ ಅನ್ವಯಿಸಲಿಲ್ಲ. ಇನ್ನೊಂದು ಎಚ್ಚರ ಹೃದಯದ್ದು. ಹಿಂದೆ ಹ್ಯಾಲೋಥೇನ್ ಎಂಬ ಅರಿವಳಿಕೆ ಕೊಟ್ಟಾಗ ಹೃದಯ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸಿ ಬಡಿತದ ಲಯ ತಪ್ಪುವ ಅಪಾಯವಿತ್ತು; ಹೊಸ ಅರಿವಳಿಕೆಗಳು ಬಂದ ಮೇಲೆ ಆ ಭಯ ಕಡಿಮೆಯಾಗಿದೆ.

ಚುಚ್ಚಿದ ಮೇಲೆ ಎಷ್ಟು ಹೊತ್ತು ಕಾಯಬೇಕೆಂಬುದು ಇನ್ನೂ ಚರ್ಚೆಯಲ್ಲಿದೆ. ಏಳರಿಂದ ಹತ್ತು ನಿಮಿಷ ಸಾಕೆಂಬುದು ರೂಢಿಯ ಮಾತು. 2013ರ ಒಂದು ಅಧ್ಯಯನ ಪೂರ್ಣ ಪರಿಣಾಮಕ್ಕೆ ಸುಮಾರು 25 ನಿಮಿಷ ಬೇಕೆಂದಿತು. ಆದರೆ ಅಲ್ಲಿ ಅಳೆದದ್ದು ತೋಳಿನ ಚರ್ಮವನ್ನು, ಮೂಗಿನ ಲೋಳೆಪೊರೆಯನ್ನಲ್ಲ.