ಕೆಲಸ ಮಾಡದವರ ಲೆಕ್ಕ

ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದ ನಮ್ಮ ಮನೆಗಳಲ್ಲಿ ಅಜ್ಜಿಯರ ಬಗ್ಗೆ ಕೇಳಿದರೆ ಸಿಗುವ ಉತ್ತರ ಒಂದೇ: ‘ಕೆಲಸವೇನೂ ಮಾಡುತ್ತಿರಲಿಲ್ಲ, ಮನೆಯಲ್ಲೇ ಇದ್ದರು.’ ಅವರು ಕಳೆ ಕಿತ್ತದ್ದು, ಹಾಲು ಕರೆದದ್ದು, ಬಿತ್ತನೆ ಬೀಜ ಕಾಪಾಡಿದ್ದು ಈ ಮಾತಿನೊಳಗೆ ಬರುವುದಿಲ್ಲ. ಸರ್ಕಾರದ ಲೆಕ್ಕದಲ್ಲೂ ಅದು ಸರಿಯಾಗಿ ಬಂದಿಲ್ಲ.

1961ರ ಜನಗಣತಿಯು ಹಂಗಾಮಿನ ಹೆಚ್ಚಿನ ದಿನಗಳಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರನ್ನೆಲ್ಲ ಕೆಲಸಗಾರರೆಂದು ಬರೆದುಕೊಂಡಿತು. ದೇಶದ ಹೆಂಗಸರಲ್ಲಿ ಸುಮಾರು ಶೇ. 28ರಷ್ಟು ಮಂದಿ ಆ ಪಟ್ಟಿಗೆ ಸೇರಿದರು. 1971ರಲ್ಲಿ ಕೇಳಿದ್ದು ‘ಮುಖ್ಯ ಚಟುವಟಿಕೆ ಯಾವುದು?’ ಎಂದು. ಮನೆಗೆಲಸ ಎಂದವರು ಕೆಲಸ ಮಾಡದವರ ಸಾಲಿಗೆ ಹೋದರು. ಹೊಲದ ದುಡಿಮೆ ಎರಡನೆಯದಾಯಿತು. ಹೆಂಗಸರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಅಷ್ಟೊಂದು ಜನ ಕುಡುಗೋಲು ಕೆಳಗಿಟ್ಟರೆಂದು ನಂಬುವುದು ಕಷ್ಟ. ಬದಲಾದದ್ದು ಬಹುಮಟ್ಟಿಗೆ ಪ್ರಶ್ನೆ.

ಆಮೇಲಿನ ತಿದ್ದುಪಡಿಗಳು ನಿಧಾನವಾಗಿ ಬಂದವು. 1981ರಲ್ಲಿ ವರ್ಷಕ್ಕೆ 183 ದಿನಗಳ ಗೆರೆ ಎಳೆದು, ಅದಕ್ಕಿಂತ ಕಡಿಮೆ ದುಡಿದವರನ್ನು ಬೇರೆಯಾಗಿ ಎಣಿಸಿದರು. 1991ರಲ್ಲಿ ಮನೆಯವರ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದನ್ನು ಪ್ರಶ್ನೆಯಲ್ಲೇ ಹೆಸರಿಸಿದರು. 2001ರಲ್ಲಿ ಬರೀ ಮನೆಬಳಕೆಗೆ ಹೈನು ಮಾಡುವವರೂ ಕೆಲಸಗಾರರೆನಿಸಿದರು.

ಪ್ರದೇಶಗಳ ನಡುವಿನ ಅಂತರವನ್ನು ಇದೇ ಬೆಳಕಿನಲ್ಲಿ ಓದಬೇಕು. 2011ರಲ್ಲಿ, ಮಕ್ಕಳೂ ಸೇರಿದ ಒಟ್ಟು ಹೆಣ್ಣು ಜನಸಂಖ್ಯೆಯಲ್ಲಿ ದುಡಿಯುವವರು ಹಿಮಾಚಲದಲ್ಲಿ ಸುಮಾರು ಶೇ. 45, ಕರ್ನಾಟಕದಲ್ಲಿ 32, ಮಹಾರಾಷ್ಟ್ರದಲ್ಲಿ 31, ದೆಹಲಿಯಲ್ಲಿ ಕೇವಲ 11. ದೆಹಲಿಯ ಹೆಂಗಸರು ಸೋಮಾರಿಗಳೆಂದು ಇದರ ಅರ್ಥವಲ್ಲ. ಬೆಟ್ಟದ ಸ್ವಂತ ತುಂಡು ಹೊಲದಲ್ಲಿ ದುಡಿಯುವವಳು ಲೆಕ್ಕಕ್ಕೆ ಸಿಗುತ್ತಾಳೆ. ಹೊಲವಿಲ್ಲದ ನಗರದಲ್ಲಿ ಅಡುಗೆ, ನೀರು, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇವೆಲ್ಲ ನೋಡಿಕೊಳ್ಳುವವಳು ಸಿಗುವುದಿಲ್ಲ. ನಗರದಲ್ಲಿ ಸಂಬಳದ ಕೆಲಸ ಸಿಗದಿರುವುದು, ಮಗುವನ್ನು ಬಿಟ್ಟುಹೋಗಲು ಜಾಗವಿಲ್ಲದಿರುವುದು ನಿಜವಾದ ಕೊರತೆಗಳೇ. ಆದರೆ ಒಂದೇ ಅಂಕಿಯೊಳಗೆ ಈ ಕೊರತೆಯೂ ಎಣಿಕೆಯ ಕುರುಡೂ ಬೆರೆತುಹೋಗಿವೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸಕ್ಕೆ 92, ಅದರ ಜೊತೆಗೆ ಸೌದೆ, ಮೇವು ತರುವವರಿಗೆ, ಮನೆಮಂದಿಗೆ ಬಟ್ಟೆ ಹೊಲಿಯುವವರಿಗೆ 93 ಎಂಬ ಸಂಕೇತವಿದೆ. ಎರಡೂ ದುಡಿಯುವ ಬಲದಿಂದ ಹೊರಗೆ. ಶಿಶುವಿಹಾರ ಎಲ್ಲಿ ಬೇಕು, ತರಬೇತಿ ಯಾರಿಗೆ ಬೇಕು ಎಂಬ ತೀರ್ಮಾನಗಳು ಇಂಥ ಅಂಕಿಗಳ ಮೇಲೆ ನಿಲ್ಲುತ್ತವೆ. ಗಣತಿಯವರು ನಮ್ಮ ಬಾಗಿಲಿಗೆ ಬಂದಾಗ ‘ಅವಳು ಮನೆಯಲ್ಲೇ ಇರುತ್ತಾಳೆ’ ಎಂದು ಮುಗಿಸದೆ, ಆಕೆಯನ್ನೇ ಕರೆದು ಉತ್ತರ ಹೇಳಿಸುವುದು ನಮ್ಮ ಕೈಯಲ್ಲಿದೆ.